ಕಪ್ಪುರಂಧ್ರದ ತೂಕ, ಗ್ಯಾಲಕ್ಸಿಯ ತೂಕ: ನಂಟಿಗಿಂತ ಮೊದಲು ಅಳತೆಯ ಮಾತು

ಧಾರವಾಡ, ಗದಗ, ಹಾವೇರಿಗಳ ಸೀಮೆ ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಗ್ಯಾಲಕ್ಸಿಗಳನ್ನು ಹುಡುಕುವವರಿಗೆ ಇದು ಒಳ್ಳೆಯ ನೆಲೆ. ಮೇ ತಿಂಗಳ ಮೊದಲ ವಾರದಲ್ಲಿ ರಾತ್ರಿ ಹತ್ತರ ಸುಮಾರಿಗೆ ಕನ್ಯಾ ರಾಶಿಯ ದೈತ್ಯ ಗ್ಯಾಲಕ್ಸಿ ಎಂ87 ಇಲ್ಲಿನ ನೆತ್ತಿಯಿಂದ ಮೂರೇ ಡಿಗ್ರಿ ದಕ್ಷಿಣಕ್ಕೆ ಹಾದುಹೋಗುತ್ತದೆ. ಅದೇ ರಾತ್ರಿ ಮೂರು ಗಂಟೆ ದಾಟಿದ ಮೇಲೆ ನಮ್ಮ ಆಕಾಶಗಂಗೆಯ ಕೇಂದ್ರವಿರುವ ಧನು ರಾಶಿಯ ಭಾಗ ದಕ್ಷಿಣದಲ್ಲಿ 45 ಡಿಗ್ರಿ ಎತ್ತರಕ್ಕೆ ಬಂದು ನಿಲ್ಲುತ್ತದೆ. ನವೆಂಬರ್ ನಡುವಿನಲ್ಲಿ ರಾತ್ರಿ ಒಂಬತ್ತೂವರೆಗೆ ಉತ್ತರದ ಕಡೆ ತಲೆಯೆತ್ತಿದರೆ ಆಂಡ್ರೊಮಿಡಾ ಸಿಗುತ್ತದೆ. ಹುಬ್ಬಳ್ಳಿಯ ಬೆಳಕಿನಲ್ಲಿ ಇವು ಯಾವುವೂ ಕಾಣುವುದಿಲ್ಲ. ಕಪ್ಪತಗುಡ್ಡದ ತಪ್ಪಲಿನ ಡೋಣಿಯ ಕಡೆಗೆ ಹೋಗಿ, ಗಾಳಿಯಂತ್ರಗಳ ಕೆಂಪು ದೀಪಗಳನ್ನು ಸಹಿಸಿಕೊಳ್ಳುವುದಾದರೆ, ಆಂಡ್ರೊಮಿಡಾ ಬರಿಗಣ್ಣಿಗೇ ಮಸುಕು ಮಚ್ಚೆಯಾಗಿ ತೋರುತ್ತದೆ. ಎಂ87ಕ್ಕೆ ಮಾತ್ರ ಒಂದು ಸಣ್ಣ ದೂರದರ್ಶಕ ಬೇಕು.

ಈ ಮೂರರ ಒಡಲಲ್ಲೂ ಒಂದೊಂದು ಬೃಹತ್ ಕಪ್ಪುರಂಧ್ರವಿದೆ. ಆಕಾಶಗಂಗೆಯದು ಸುಮಾರು 43 ಲಕ್ಷ ಸೂರ್ಯರಷ್ಟು ತೂಗುತ್ತದೆ, ಆಂಡ್ರೊಮಿಡಾದ್ದು ಸುಮಾರು 14 ಕೋಟಿ ಸೂರ್ಯರಷ್ಟು, ಎಂ87ರದ್ದು 650 ಕೋಟಿ ಸೂರ್ಯರಷ್ಟು. ಪ್ರತಿಯೊಂದನ್ನೂ ಅದರದರ ಗ್ಯಾಲಕ್ಸಿಯ ನಡುವಿನ ಉಬ್ಬಿನಲ್ಲಿರುವ ನಕ್ಷತ್ರಗಳ ಒಟ್ಟು ರಾಶಿಗೆ, ಅಂದರೆ ಅವುಗಳ ದ್ರವ್ಯದ ಮೊತ್ತಕ್ಕೆ, ಹೋಲಿಸಿದರೆ, ಆಕಾಶಗಂಗೆಯಲ್ಲಿ ಕಪ್ಪುರಂಧ್ರದ ಪಾಲು ಶೇಕಡಾ 0.03ರ ಆಸುಪಾಸು, ಆಂಡ್ರೊಮಿಡಾದಲ್ಲಿ ಶೇಕಡಾ 0.4ರ ಆಸುಪಾಸು, ಇಡಿಯಾಗಿ ಉಬ್ಬೇ ಎನ್ನಬಹುದಾದ ಎಂ87ರಲ್ಲಿ ಶೇಕಡಾ 1ರ ಹತ್ತಿರ. ಕಪ್ಪುರಂಧ್ರವೂ ಗ್ಯಾಲಕ್ಸಿಯೂ ಒಂದೇ ಪ್ರಮಾಣದಲ್ಲಿ ಕೂಡಿ ಬೆಳೆಯುತ್ತವೆ ಎಂದು ಜನಪ್ರಿಯ ವಿಜ್ಞಾನ ಬರಹಗಳು ಎರಡು ದಶಕಗಳಿಂದ ಹೇಳುತ್ತ ಬಂದಿವೆ. ಹೆಚ್ಚು ಅಧ್ಯಯನಗೊಂಡ ಈ ಮೂರು ಉದಾಹರಣೆಗಳಲ್ಲಿಯೇ ಆ ಪ್ರಮಾಣ ಮೂವತ್ತು ಪಟ್ಟು ಹೆಚ್ಚುಕಡಿಮೆಯಾಗುತ್ತದೆ.

ಹಾಗೆಂದು ಆ ನಂಟು ಸುಳ್ಳೆಂದು ಯಾರೂ ಹೇಳುತ್ತಿಲ್ಲ. ಆದರೆ ಜೇಮ್ಸ್ ವೆಬ್ ದೂರದರ್ಶಕದ ಫಲಿತಾಂಶಗಳು 2022ರಿಂದೀಚೆಗೆ ಒಂದರ ಹಿಂದೊಂದು ಬರುತ್ತಿರುವಾಗ, ‘ಗ್ಯಾಲಕ್ಸಿಗಿಂತ ದೊಡ್ಡ ಕಪ್ಪುರಂಧ್ರ ಪತ್ತೆ’, ‘ಬಿಗ್ ಬ್ಯಾಂಗ್ ಸಿದ್ಧಾಂತಕ್ಕೆ ಪೆಟ್ಟು’ ಎಂಬ ತಲೆಬರಹಗಳು ಕನ್ನಡದ ಪತ್ರಿಕೆಗಳಲ್ಲೂ ವಾಹಿನಿಗಳಲ್ಲೂ ಸಾಲುಗಟ್ಟಿರುವಾಗ, ಕೇಳಬೇಕಾದ ಮೊದಲ ಪ್ರಶ್ನೆಯನ್ನು ಬಹಳ ಜನ ಕೇಳುತ್ತಿಲ್ಲ ಎನಿಸುತ್ತದೆ. ಈ ತೂಕಗಳನ್ನು ತೂಗಿದ್ದು ಹೇಗೆ? ಈ ಚರ್ಚೆಯ ಅರ್ಧಕ್ಕಿಂತ ಹೆಚ್ಚು ಭಾಗ ಅಳತೆಯ ಚರ್ಚೆ ಎಂಬುದು ಈ ಲೇಖನದ ವಾದ.

ನಂಟಿನ ಕತೆ ತೀರ ಹಳೆಯದಲ್ಲ. 1963ರಲ್ಲಿ ಮಾರ್ಟೆನ್ ಷ್ಮಿಟ್ ಅವರು 3ಸಿ 273 ಎಂಬ ಆಕಾಶಕಾಯದ ಬೆಳಕನ್ನು ಬಣ್ಣಗಳಾಗಿ ಒಡೆದಾಗ ಸಿಗುವ ರೋಹಿತವನ್ನು ಬಿಡಿಸಿ, ಅದು ನಕ್ಷತ್ರದಂತೆ ಕಂಡರೂ ಇನ್ನೂರು ಕೋಟಿ ಜ್ಯೋತಿರ್ವರ್ಷಕ್ಕೂ ಆಚೆಗಿನ ಕ್ವೇಸಾರ್ ಎಂದು ತೋರಿಸಿದಾಗ, ಅಷ್ಟು ಬೆಳಕು ಅಷ್ಟು ಚಿಕ್ಕ ಜಾಗದಿಂದ ಹೊರಡಬೇಕಾದರೆ ಬೃಹತ್ ಕಪ್ಪುರಂಧ್ರಕ್ಕೆ ಬೀಳುವ ಅನಿಲವೇ ಕಾರಣವಿರಬೇಕು ಎಂಬ ಯೋಚನೆ ಬಲವಾಯಿತು. 1982ರಲ್ಲಿ ಪೋಲೆಂಡಿನ ಆಂಡ್ರೆಯ್ ಸೋಲ್ಟನ್ ಇನ್ನೊಂದು ಲೆಕ್ಕ ಮುಂದಿಟ್ಟರು. ಹಿಂದೆಂದೋ ಬೆಳಗಿ ಆರಿದ ಕ್ವೇಸಾರ್‌ಗಳ ಬೆಳಕನ್ನೆಲ್ಲ ಕೂಡಿದರೆ ಅದಕ್ಕೆ ತಕ್ಕ ಕಪ್ಪುರಂಧ್ರಗಳು ಇಂದಿನ ಸಾಮಾನ್ಯ ಗ್ಯಾಲಕ್ಸಿಗಳ ನಡುವೆ ಸದ್ದಿಲ್ಲದೆ ಕುಳಿತಿರಲೇಬೇಕು ಎಂಬುದು ಅದರ ಸಾರ. ಹಬಲ್ ದೂರದರ್ಶಕ ಆ ಊಹೆಯನ್ನು ನಿಜವಾಗಿಸಿತು. 1995ರಲ್ಲಿ ಜಾನ್ ಕಾರ್ಮೆಂಡಿ ಮತ್ತು ಡಗ್ಲಾಸ್ ರಿಚ್‌ಸ್ಟೋನ್ ಅಂದಿನವರೆಗಿನ ಬೆರಳೆಣಿಕೆಯ ಅಳತೆಗಳಲ್ಲೇ ಉಬ್ಬು ದೊಡ್ಡದಾದಷ್ಟೂ ಕಪ್ಪುರಂಧ್ರ ದೊಡ್ಡದು ಎಂಬ ಒಲವನ್ನು ಗುರುತಿಸಿದರು. 1998ರಲ್ಲಿ ಮಗೋರಿಯನ್ ಮತ್ತು ಸಂಗಡಿಗರು ಹೆಚ್ಚು ಗ್ಯಾಲಕ್ಸಿಗಳನ್ನು ತೆಗೆದುಕೊಂಡು ಅದನ್ನು ಗಟ್ಟಿಮಾಡಿದರು. ಆಗ ಅವರು ಕಂಡ ಪ್ರಮಾಣ ಶೇಕಡಾ 0.6ರಷ್ಟಿತ್ತು. 2004ರ ಅಳತೆಯಲ್ಲಿ ಅದು ಶೇಕಡಾ 0.14ಕ್ಕೆ ಇಳಿಯಿತು. 2013ರಲ್ಲಿ ಕಾರ್ಮೆಂಡಿ ಮತ್ತು ಲೂಯಿಸ್ ಹೋ ಎಲ್ಲ ಮಾಹಿತಿಯನ್ನೂ ಜರಡಿ ಹಿಡಿದು ಬರೆದ ದೀರ್ಘ ಸಮೀಕ್ಷೆಯಲ್ಲಿ, ಹತ್ತು ಸಾವಿರ ಕೋಟಿ ಸೂರ್ಯರಷ್ಟು ತೂಗುವ ಉಬ್ಬಿಗೆ, ಮತ್ತೆ ಶೇಕಡಾ 0.5ಕ್ಕೆ ಏರಿತು. ಬೃಹತ್ ಗ್ಯಾಲಕ್ಸಿಗಳಾಗಲಿ ಕಪ್ಪುರಂಧ್ರಗಳಾಗಲಿ ಈ ಹದಿನೈದು ವರ್ಷಗಳಲ್ಲಿ ದಪ್ಪವೂ ಆಗಲಿಲ್ಲ, ಸೊರಗಲೂ ಇಲ್ಲ. ಏರಿಳಿದದ್ದು ನಮ್ಮ ಅಳತೆ.

ಇದರ ನಡುವೆ 2000ದಲ್ಲಿ ಎರಡು ತಂಡಗಳು, ಲಾರಾ ಫೆರಾರೀಸೆ ಮತ್ತು ಡೇವಿಡ್ ಮೆರಿಟ್ ಅವರದೊಂದು, ಕಾರ್ಲ್ ಗೆಬ್‌ಹಾರ್ಟ್ ಮತ್ತು ಸಂಗಡಿಗರದಿನ್ನೊಂದು, ಏಕಕಾಲಕ್ಕೆ ಮತ್ತೊಂದು ನಂಟನ್ನು ಮುಂದಿಟ್ಟವು. ಇಲ್ಲಿ ಉಬ್ಬಿನ ರಾಶಿಯ ಬದಲು ಅದರಲ್ಲಿನ ನಕ್ಷತ್ರಗಳು ಅತ್ತಿತ್ತ ಓಡಾಡುವ ವೇಗದ ಹರವನ್ನು ಬಳಸಲಾಯಿತು. 2013ರ ಸಮೀಕ್ಷೆಯ ಲೆಕ್ಕದಂತೆ ಆ ಹರವು ಸೆಕೆಂಡಿಗೆ 200 ಕಿಲೋಮೀಟರ್ ಇದ್ದರೆ ಕಪ್ಪುರಂಧ್ರ 30 ಕೋಟಿ ಸೂರ್ಯರಷ್ಟು. ವೇಗ ಎರಡು ಪಟ್ಟಾದರೆ ಕಪ್ಪುರಂಧ್ರ ಇಪ್ಪತ್ತು ಪಟ್ಟು. ಇವೆರಡನ್ನೂ ನಕ್ಷೆಯಲ್ಲಿ ಗುರುತಿಸಿದಾಗ ಸಿಕ್ಕ ರೇಖೆ ಎಷ್ಟು ಬಿಗಿಯಾಗಿತ್ತೆಂದರೆ, ಕಪ್ಪುರಂಧ್ರವನ್ನು ನೋಡದೆಯೇ ಗ್ಯಾಲಕ್ಸಿಯ ವೇಗದಿಂದ ಅದರ ತೂಕ ಹೇಳುವ ಸೂತ್ರವಾಗಿ ಅದು ಬಳಕೆಗೆ ಬಂತು. ಆದರೆ ಅದೇ ಸೂತ್ರವನ್ನು ನಮ್ಮ ಆಕಾಶಗಂಗೆಗೆ ಹಾಕಿ ನೋಡಿದರೆ, ಇಲ್ಲಿನ ಹರವು ಸೆಕೆಂಡಿಗೆ ಸುಮಾರು 105 ಕಿಲೋಮೀಟರ್ ಎಂದಿಟ್ಟುಕೊಂಡರೆ, ಉತ್ತರ 1.8 ಕೋಟಿ ಸೂರ್ಯರಷ್ಟು ಬರುತ್ತದೆ. ನಿಜವಾಗಿ ಇರುವುದು ಅದರ ಕಾಲು ಭಾಗ.

ಈ ನಂಟು ಬೆರಗಿನದಾಗಲು ಕಾರಣ ಗಾತ್ರಗಳ ಅಂತರ. ಆಕಾಶಗಂಗೆಯ ತಟ್ಟೆಯ ಅಗಲ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ. ಅದರ ಕೇಂದ್ರದ ಕಪ್ಪುರಂಧ್ರದ ಘಟನಾ ದಿಗಂತದ, ಅಂದರೆ ಬೆಳಕೂ ಹೊರಬರಲಾಗದ ಗಡಿಯ, ಅಡ್ಡಳತೆ ಸುಮಾರು ಎರಡೂವರೆ ಕೋಟಿ ಕಿಲೋಮೀಟರ್. ಇಡೀ ಆಕಾಶಗಂಗೆಯನ್ನು ಹುಬ್ಬಳ್ಳಿಯಿಂದ ಧಾರವಾಡದವರೆಗಿನ ಇಪ್ಪತ್ತು ಕಿಲೋಮೀಟರಿಗೆ ಕುಗ್ಗಿಸಿದರೆ, ನಡುವೆ ನವನಗರದ ಹತ್ತಿರ ಎಲ್ಲೋ ಇರಬೇಕಾದ ಆ ಕಪ್ಪುರಂಧ್ರ ಒಂದು ಬ್ಯಾಕ್ಟೀರಿಯಾಕ್ಕಿಂತಲೂ ಚಿಕ್ಕದಾಗುತ್ತದೆ. ಅದರ ಗುರುತ್ವ ಸುತ್ತಲಿನ ನಕ್ಷತ್ರಗಳ ಒಟ್ಟು ಗುರುತ್ವವನ್ನು ಮೀರಿ ನಿಲ್ಲುವುದು ಹತ್ತು ಜ್ಯೋತಿರ್ವರ್ಷಗಳ ಒಳಗಿನ ವಲಯದಲ್ಲಿ ಮಾತ್ರ; ಉಬ್ಬಾದರೋ ಸಾವಿರಾರು ಜ್ಯೋತಿರ್ವರ್ಷ ಹರಡಿದೆ. ಹೊರಗಿನ ನಕ್ಷತ್ರಗಳಿಗೆ ಒಳಗೆ ಕಪ್ಪುರಂಧ್ರವೊಂದಿದೆ ಎಂಬ ಸುಳಿವೂ ಸಿಗುವುದಿಲ್ಲ. ಕಪ್ಪುರಂಧ್ರ ಗ್ಯಾಲಕ್ಸಿಯನ್ನು ಒಂದು ದಿನ ನುಂಗಿಹಾಕುತ್ತದೆಯೇ ಎಂದು ಉಪನ್ಯಾಸಗಳಲ್ಲಿ ಹುಡುಗರು ತಪ್ಪದೆ ಕೇಳುವ ಪ್ರಶ್ನೆಗೂ ಇದೇ ಉತ್ತರ. ಹಾಗಿದ್ದರೂ ಒಂದರ ತೂಕ ಇನ್ನೊಂದರ ತೂಕದ ಜೊತೆ ಹೊಂದಿಕೊಂಡು ಬರುತ್ತದೆ ಎಂದರೆ, ಗುರುತ್ವವನ್ನು ಬಿಟ್ಟು ಬೇರೇನೋ ಇವೆರಡನ್ನೂ ಬೆಸೆದಿರಬೇಕು.

ಆ ಬೇರೇನೋ ಯಾವುದು ಎಂದು ಹುಡುಕುವ ಮೊದಲು ತೂಗುವ ಬಗೆಗಳನ್ನು ನೋಡಬೇಕು. ಅವುಗಳಲ್ಲಿ ಮೇಲು ಕೀಳು ಬಹಳ ಇದೆ.

ಅತಿ ನಂಬಲರ್ಹ ತೂಕ ನಮ್ಮ ಗ್ಯಾಲಕ್ಸಿಯ ಕಪ್ಪುರಂಧ್ರದ್ದು. ಅದನ್ನು ಎಸ್2 ಎಂಬ ಒಂದು ನಕ್ಷತ್ರ 16 ವರ್ಷಕ್ಕೊಮ್ಮೆ ಸುತ್ತುತ್ತದೆ. 2018ರ ಮೇ ತಿಂಗಳಲ್ಲಿ ಅದು ಕಪ್ಪುರಂಧ್ರಕ್ಕೆ, ಭೂಮಿಗೂ ಸೂರ್ಯನಿಗೂ ಇರುವ ದೂರದ 120 ಪಟ್ಟಿನಷ್ಟು ಅಂತರಕ್ಕೆ ಬಂದು, ಸೆಕೆಂಡಿಗೆ 7,600 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ತಿರುಗಿಕೊಂಡು ಹೋಯಿತು. ಕಕ್ಷೆ ಗೊತ್ತು, ವೇಗ ಗೊತ್ತು. ಕೆಪ್ಲರನ ನಿಯಮದಿಂದ ತೂಕ ತಾನಾಗಿ ಬರುತ್ತದೆ. ಇಂಥ ನಕ್ಷತ್ರಗಳನ್ನು ದಶಕಗಳ ಕಾಲ ಬೆನ್ನುಹತ್ತಿದ ರೈನ್‌ಹಾರ್ಡ್ ಗೆನ್‌ಜೆಲ್ ಮತ್ತು ಆಂಡ್ರಿಯಾ ಗೇಜ್ ಅವರಿಗೆ 2020ರಲ್ಲಿ ನೊಬೆಲ್ ಸಂದಿತು. ಎನ್‌ಜಿಸಿ 4258 ಎಂಬ ಗ್ಯಾಲಕ್ಸಿಯಲ್ಲಿ ನೀರಿನ ಆವಿಯ ಅಣುಗಳು ರೇಡಿಯೋ ಅಲೆಗಳನ್ನು ಹೊಮ್ಮಿಸುತ್ತ ಕಪ್ಪುರಂಧ್ರವನ್ನು ಸುತ್ತುವುದನ್ನು 1995ರಲ್ಲಿ ಅಳೆದಾಗ ಅಷ್ಟೇ ಗಟ್ಟಿಯಾದ ಇನ್ನೊಂದು ತೂಕ ಸಿಕ್ಕಿತು: ಸುಮಾರು 3.6 ಕೋಟಿ ಸೂರ್ಯರಷ್ಟು.

ಎಂ87ರ ವಿಷಯಕ್ಕೆ ಬಂದರೆ ಹಿಡಿತ ಸಡಿಲವಾಗುತ್ತದೆ. ನಕ್ಷತ್ರಗಳ ಚಲನೆಯಿಂದ ಅಳೆದವರಿಗೆ 660 ಕೋಟಿ ಸಿಕ್ಕಿತು, ಅನಿಲದ ಚಲನೆಯಿಂದ ಅಳೆದವರಿಗೆ 350 ಕೋಟಿ. ಒಂದೇ ಗ್ಯಾಲಕ್ಸಿ, ಒಂದೇ ಕಪ್ಪುರಂಧ್ರ, ಉತ್ತರ ಹೆಚ್ಚುಕಡಿಮೆ ಎರಡು ಪಟ್ಟು ಬೇರೆ. 2019ರ ಏಪ್ರಿಲ್‌ನಲ್ಲಿ ಈವೆಂಟ್ ಹೊರೈಜನ್ ದೂರದರ್ಶಕ ಜಾಲ ಅದರ ನೆರಳಿನ ಚಿತ್ರವನ್ನೇ ಪ್ರಕಟಿಸಿ, ನೆರಳಿನ ಅಗಲದಿಂದ 650 ಕೋಟಿ ಎಂದು ಹೇಳಿದ ಮೇಲೆ ತಕರಾರು ನಕ್ಷತ್ರಗಳ ಪಕ್ಷಕ್ಕೆ ವಾಲಿತು. ಎನ್‌ಜಿಸಿ 1277 ಎಂಬ ಸಣ್ಣ ಗ್ಯಾಲಕ್ಸಿಯದು ಇನ್ನೂ ದೊಡ್ಡ ಪಾಠ. 2012ರಲ್ಲಿ ಅದರ ಕಪ್ಪುರಂಧ್ರ 1,700 ಕೋಟಿ ಸೂರ್ಯರಷ್ಟಿದೆ, ನಂಟಿನ ರೇಖೆಯಿಂದ ಪೂರ್ತಿ ಹೊರಗಿದೆ ಎಂದು ಲೋಕವೆಲ್ಲ ಸುದ್ದಿಯಾಯಿತು. ಮುಂದಿನ ಅಳತೆಗಳಲ್ಲಿ ಅದು 500 ಕೋಟಿಯ ಆಸುಪಾಸಿಗೆ ಬಂತು, 2016ರ ಒಂದು ಅಧ್ಯಯನದಲ್ಲಿ 120 ಕೋಟಿಗೂ ಇಳಿಯಿತು. ಇಳಿದದ್ದನ್ನು ಯಾವ ತಲೆಬರಹವೂ ಹೇಳಲಿಲ್ಲ.

ಇವೆಲ್ಲ ನೆರೆಹೊರೆಯ ಮಾತು. ನೂರಾರು ಕೋಟಿ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿಗಳಲ್ಲಿ ಬಿಡಿ ನಕ್ಷತ್ರಗಳಿರಲಿ, ಕಪ್ಪುರಂಧ್ರದ ಪ್ರಭಾವದ ವಲಯವೂ ಒಂದು ಚುಕ್ಕೆಯೊಳಗೆ ಅಡಗಿಬಿಡುತ್ತದೆ. ಅಲ್ಲಿ ಬಳಸುವ ಉಪಾಯ ಬೇರೆ. ಅನಿಲ ನುಂಗುತ್ತಿರುವ ಕಪ್ಪುರಂಧ್ರದ ಹತ್ತಿರದ ಬೆಳಕು ಮಿನುಗಿದ ಮೇಲೆ, ಅದರ ಸುತ್ತ ಧಾವಿಸುವ ಅನಿಲದ ಮೋಡಗಳು ಕೆಲವು ದಿನ ಅಥವಾ ತಿಂಗಳು ತಡವಾಗಿ ಮಿನುಗುತ್ತವೆ. ಆ ತಡದಿಂದ ಮೋಡಗಳ ದೂರ ಗೊತ್ತಾಗುತ್ತದೆ. ರೋಹಿತದ ಗೆರೆ ಎಷ್ಟು ಅಗಲವಾಗಿದೆ ಎಂಬುದರಿಂದ ಅವುಗಳ ವೇಗ ಗೊತ್ತಾಗುತ್ತದೆ. ಎರಡನ್ನೂ ಸೇರಿಸಿದರೆ ತೂಕ. ಆದರೆ ಮೋಡಗಳು ತಟ್ಟೆಯಂತೆ ಹರಡಿವೆಯೋ ಚೆಂಡಿನಂತೆ ಕವಿದಿವೆಯೋ, ನಮಗೆ ಓರೆಯಾಗಿ ಕಾಣುತ್ತಿವೆಯೋ ನೇರವಾಗಿಯೋ ಎಂಬುದು ತಿಳಿಯದ್ದರಿಂದ ಲೆಕ್ಕದಲ್ಲಿ ಒಂದು ಗುಣಕ ಸೇರಿಸಬೇಕಾಗುತ್ತದೆ. ಆ ಗುಣಕವನ್ನು ನಿರ್ಧರಿಸಿದ್ದು ಹೇಗೆಂದರೆ, ಈ ಸಕ್ರಿಯ ಗ್ಯಾಲಕ್ಸಿಗಳೂ ಶಾಂತ ಗ್ಯಾಲಕ್ಸಿಗಳ ವೇಗ-ತೂಕ ರೇಖೆಯ ಮೇಲೆಯೇ ಕೂರುತ್ತವೆ ಎಂದು ಇಟ್ಟುಕೊಂಡು, ಅದಕ್ಕೆ ಹೊಂದುವಂತೆ. ಅಂದರೆ ಪರೀಕ್ಷಿಸಬೇಕಾದ ನಂಟೇ ಪರೀಕ್ಷೆಯ ಉಪಕರಣದೊಳಗೆ ಕುಳಿತಿದೆ. ಇನ್ನೂ ದೂರಕ್ಕೆ ಹೋದಾಗ ತಡವನ್ನು ಅಳೆಯಲು ವರ್ಷಗಟ್ಟಲೆ ಕಾಯಬೇಕಾಗುವುದರಿಂದ ಅದನ್ನೂ ಬಿಟ್ಟು, ಕಾಯದ ಹೊಳಪಿನಿಂದಲೇ ಮೋಡಗಳ ದೂರವನ್ನು ಅಂದಾಜು ಮಾಡುತ್ತಾರೆ. ಹೀಗೆ ಒಂದೇ ರೋಹಿತದಿಂದ ತೆಗೆದ ತೂಕ ಮೂರು ಪಟ್ಟು ಅತ್ತಿತ್ತ ಇರಬಹುದು ಎಂದು ಅದನ್ನು ಬಳಸುವವರೇ ಒಪ್ಪುತ್ತಾರೆ. ಜೇಮ್ಸ್ ವೆಬ್‌ನ ಬಹುಪಾಲು ಕಪ್ಪುರಂಧ್ರ ತೂಕಗಳು ಈ ಬಗೆಯವು.

ಈಗ ಕಾರಣಗಳಿಗೆ ಬರೋಣ. ಹೆಚ್ಚು ಪ್ರಚಾರದಲ್ಲಿರುವುದು ಮರುಪ್ರಭಾವದ ವಾದ. ಇದಕ್ಕೆ 1998ರಲ್ಲಿ ಜೋಸೆಫ್ ಸಿಲ್ಕ್ ಮತ್ತು ಮಾರ್ಟಿನ್ ರೀಸ್ ತಳಪಾಯ ಹಾಕಿದರು. ಕಪ್ಪುರಂಧ್ರಕ್ಕೆ ಬೀಳುವ ಅನಿಲದ ರಾಶಿಯಲ್ಲಿ ಸುಮಾರು ಹತ್ತನೇ ಒಂದು ಪಾಲು ಶಕ್ತಿಯಾಗಿ ಹೊರಬರುತ್ತದೆ. ಸೂರ್ಯನೊಳಗೆ ಹೈಡ್ರೋಜನ್ ಹೀಲಿಯಂ ಆಗುವಾಗ ಹೊರಬೀಳುವುದು ಶೇಕಡಾ 0.7 ಮಾತ್ರ. ಉಬ್ಬಿನ ಸಾವಿರದ ಒಂದು ಪಾಲು ತೂಗುವ ಕಪ್ಪುರಂಧ್ರ ಬೆಳೆಯುವ ಹೊತ್ತಿನಲ್ಲಿ ಬಿಡುಗಡೆಯಾದ ಶಕ್ತಿಯನ್ನು, ಸೆಕೆಂಡಿಗೆ 200 ಕಿಲೋಮೀಟರ್ ಹರವಿನ ಉಬ್ಬನ್ನು ಹಿಡಿದಿಟ್ಟಿರುವ ಬಂಧಕ ಶಕ್ತಿಗೆ ಹೋಲಿಸಿದರೆ, ಮೊದಲನೆಯದು ಇನ್ನೂರು ಪಟ್ಟಿಗೂ ಹೆಚ್ಚು. ಇದರಲ್ಲಿ ಶೇಕಡಾ ಒಂದರಷ್ಟು ಅನಿಲಕ್ಕೆ ತಗುಲಿದರೂ ಗ್ಯಾಲಕ್ಸಿಯಲ್ಲಿ ಹೊಸ ನಕ್ಷತ್ರ ಹುಟ್ಟದಂತೆ ಅನಿಲವನ್ನು ಕಾಯಿಸಿ ಹೊರದಬ್ಬಲು ಸಾಕು. ಅನಿಲ ಹೋದರೆ ಕಪ್ಪುರಂಧ್ರಕ್ಕೂ ಉಣಿಸಿಲ್ಲ; ಎರಡರ ಬೆಳವಣಿಗೆಯೂ ಒಟ್ಟಿಗೆ ನಿಲ್ಲುತ್ತದೆ. ಪರ್ಸಿಯಸ್ ಗ್ಯಾಲಕ್ಸಿ ಸಮೂಹದ ಬಿಸಿ ಅನಿಲದಲ್ಲಿ, ಅದರ ನಡುವಿನ ಕಪ್ಪುರಂಧ್ರದ ಚಿಮ್ಮುಧಾರೆಗಳು ಕೊರೆದ ಬೃಹತ್ ಪೊಳ್ಳುಗಳನ್ನೂ ಹೊರಕ್ಕೆ ಸಾಗುವ ಒತ್ತಡದ ಅಲೆಗಳನ್ನೂ ಚಂದ್ರಾ ಎಕ್ಸ್‌ರೇ ದೂರದರ್ಶಕ ತೋರಿಸಿದೆ. ಅಲ್ಲಿನ ಅನಿಲ ತಣಿಯಬೇಕಾದಷ್ಟು ತಣಿದಿಲ್ಲ. ವಾದಕ್ಕೆ ಪುರಾವೆ ಇದೆ.

ಆದರೆ ಇದರ ಎದುರಿಗೆ, ಹೆಚ್ಚು ಪ್ರಚಾರವಿಲ್ಲದ, ನನ್ನ ಮಟ್ಟಿಗೆ ಹೆಚ್ಚು ಗಂಭೀರವಾದ ಇನ್ನೊಂದು ವಾದವಿದೆ. 2007ರಲ್ಲಿ ಚಿಯೆನ್ ಪೆಂಗ್, 2011ರಲ್ಲಿ ಕ್ನುಡ್ ಯಾಂಕೆ ಮತ್ತು ಆಂಡ್ರಿಯಾ ಮಾಚ್ಚಿಯೋ ತೋರಿಸಿದ್ದೇನೆಂದರೆ, ಮೊದಮೊದಲು ಕಪ್ಪುರಂಧ್ರಕ್ಕೂ ಗ್ಯಾಲಕ್ಸಿಗೂ ಯಾವ ನಂಟೂ ಇಲ್ಲದಿದ್ದರೂ, ಪ್ರಮಾಣಗಳು ಹೇಗೆಂದರೆ ಹಾಗೆ ಚೆಲ್ಲಾಪಿಲ್ಲಿಯಾಗಿದ್ದರೂ, ಗ್ಯಾಲಕ್ಸಿಗಳು ಮತ್ತೆ ಮತ್ತೆ ಡಿಕ್ಕಿಯಾಗಿ ಬೆರೆಯುತ್ತ ಹೋದಂತೆ ಹೆಚ್ಚಿನವೂ ಕಡಿಮೆಯವೂ ಕೂಡಿ ಸರಾಸರಿಯ ಕಡೆಗೆ ಬರುತ್ತವೆ. ಬಹಳ ಸಲ ಬೆರೆತ ದೊಡ್ಡ ಗ್ಯಾಲಕ್ಸಿಗಳಲ್ಲಿ ರೇಖೆ ಬಿಗಿಯಾಗುತ್ತದೆ, ಬೆರೆಯದ ಚಿಕ್ಕವುಗಳಲ್ಲಿ ಚೆದರಿಯೇ ಉಳಿಯುತ್ತದೆ. ನೋಡಿದರೆ ಕಾಣುವುದೂ ಹಾಗೆಯೇ. ನಮಗೆ ತೀರ ಹತ್ತಿರವಿರುವ ಎಂ33 ಎಂಬ ಸುರುಳಿ ಗ್ಯಾಲಕ್ಸಿಯ ನಡುವೆ ಕಪ್ಪುರಂಧ್ರವೇ ಸಿಕ್ಕಿಲ್ಲ. ಇದ್ದರೂ ಅದು 1,500 ಸೂರ್ಯರಿಗಿಂತ ಹೆಚ್ಚಿರಲಾರದು ಎಂದು 2001ರಲ್ಲೇ ಮಿತಿ ಹಾಕಲಾಗಿದೆ. ಅದಕ್ಕೆ ಉಬ್ಬು ಎಂಬುದು ಇಲ್ಲವೆನ್ನುವಷ್ಟು ಚಿಕ್ಕದು. ಹಾಗಾದರೆ ಉಬ್ಬಿಲ್ಲದೆ ಕಪ್ಪುರಂಧ್ರವಿಲ್ಲವೇ ಎಂದರೆ, ಎನ್‌ಜಿಸಿ 4395 ಎಂಬ ಉಬ್ಬಿಲ್ಲದ ಗ್ಯಾಲಕ್ಸಿಯಲ್ಲಿ ಸಕ್ರಿಯ ಕಪ್ಪುರಂಧ್ರವಿದೆ. ಸುರುಳಿ ಗ್ಯಾಲಕ್ಸಿಗಳ ತಟ್ಟೆಯ ರಾಶಿಗೂ ಕಪ್ಪುರಂಧ್ರಕ್ಕೂ ನೇರ ಹೊಂದಾಣಿಕೆ ಕಾಣುವುದಿಲ್ಲ. ನಮ್ಮ ಆಕಾಶಗಂಗೆಯೂ ದೊಡ್ಡ ವಿಲೀನಗಳನ್ನು ಕಾಣದೆ ಬಹುಕಾಲ ಶಾಂತವಾಗಿ ಸುತ್ತಿದ ತಟ್ಟೆ ಎಂಬುದನ್ನು ನೆನೆದರೆ, ಅದರ ಕಪ್ಪುರಂಧ್ರ ಸೂತ್ರ ಹೇಳಿದ್ದಕ್ಕಿಂತ ಹಗುರವಿರುವುದು ಅಷ್ಟು ಬೆರಗಿನ ಸಂಗತಿಯಾಗಿ ಉಳಿಯುವುದಿಲ್ಲ.

ಎರಡು ವಾದಗಳೂ ನಿಜವಾಗಿರಬಹುದು, ಬೇರೆ ಬೇರೆ ಪಾಲಿನಲ್ಲಿ. ಯಾವುದು ಎಷ್ಟು ಎಂದು ಹೇಳಬೇಕಾದರೆ ವಿಲೀನಗಳು ಸರಾಸರಿಗೊಳಿಸುವುದಕ್ಕೆ ಮೊದಲಿನ ಕಾಲವನ್ನು ನೋಡಬೇಕು. ಜೇಮ್ಸ್ ವೆಬ್ ಮಹತ್ವದ್ದಾಗುವುದು ಇಲ್ಲಿ.

2023ರಲ್ಲಿ ವೆಬ್ ಮತ್ತು ಚಂದ್ರಾ ಎರಡರ ಮಾಹಿತಿಯನ್ನೂ ಕೂಡಿಸಿ ಯುಎಚ್‌ಝಡ್1 ಎಂಬ ಗ್ಯಾಲಕ್ಸಿಯ ವಿವರ ಪ್ರಕಟವಾಯಿತು. ವಿಶ್ವಕ್ಕೆ 47 ಕೋಟಿ ವರ್ಷವಾಗಿದ್ದಾಗಿನ ಈ ಗ್ಯಾಲಕ್ಸಿಯಲ್ಲಿ ಕಪ್ಪುರಂಧ್ರದ ತೂಕ ಒಂದರಿಂದ ಹತ್ತು ಕೋಟಿ ಸೂರ್ಯರಷ್ಟು. ಹೆಚ್ಚುಕಡಿಮೆ ಗ್ಯಾಲಕ್ಸಿಯ ಎಲ್ಲ ನಕ್ಷತ್ರಗಳ ತೂಕದಷ್ಟೇ. ಕೊಯಮತ್ತೂರಿನಲ್ಲಿ ಹುಟ್ಟಿ ಈಗ ಯೇಲ್ ವಿಶ್ವವಿದ್ಯಾಲಯದಲ್ಲಿರುವ ಪ್ರಿಯಂವದಾ ನಟರಾಜನ್ ಮತ್ತು ಸಹೋದ್ಯೋಗಿಗಳು ಇಂಥ ಗ್ಯಾಲಕ್ಸಿಗಳು ವೆಬ್‌ಗೆ ಹೇಗೆ ಕಾಣಬೇಕು ಎಂದು 2017ರಲ್ಲೇ ಲೆಕ್ಕ ಹಾಕಿದ್ದರು. ಇದಲ್ಲದೆ ವೆಬ್ ಕಂಡ ‘ಸಣ್ಣ ಕೆಂಪು ಚುಕ್ಕೆ’ಗಳೆಂಬ, ಮೊದಲು ಯಾರೂ ನಿರೀಕ್ಷಿಸಿರದ ಕಾಯಗಳ ರೋಹಿತದಲ್ಲಿ ಅಗಲವಾದ ಗೆರೆಗಳಿವೆ. ಅವನ್ನು ಎಂದಿನ ಸೂತ್ರಕ್ಕೆ ಹಾಕಿದರೆ ಕಪ್ಪುರಂಧ್ರದ ಪಾಲು ಇಂದಿನ ನೆರೆಹೊರೆಯ ಪ್ರಮಾಣಕ್ಕಿಂತ ಹತ್ತರಿಂದ ನೂರು ಪಟ್ಟು ಹೆಚ್ಚು ಬರುತ್ತದೆ.

ಇದು ನಿಜವಾದರೆ ಬೀಜದ ಪ್ರಶ್ನೆ, ಅಂದರೆ ಕಪ್ಪುರಂಧ್ರ ಎಷ್ಟು ತೂಕದಿಂದ ಬೆಳೆಯತೊಡಗಿತು ಎಂಬ ಪ್ರಶ್ನೆ, ಏಳುತ್ತದೆ. ತನ್ನದೇ ಬೆಳಕಿನ ಒತ್ತಡ ಅನಿಲವನ್ನು ಹೊರದೂಡುವ ಎಡಿಂಗ್ಟನ್ ಮಿತಿಯಲ್ಲಿ ಉಣ್ಣುವ ಕಪ್ಪುರಂಧ್ರ ಸುಮಾರು ಮೂರೂವರೆ ಕೋಟಿ ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಸತ್ತ ನಕ್ಷತ್ರವೊಂದು ಬಿಟ್ಟುಹೋದ 100 ಸೂರ್ಯರಷ್ಟರ ಕಪ್ಪುರಂಧ್ರ 100 ಕೋಟಿ ಸೂರ್ಯರಷ್ಟಾಗಲು ಇಪ್ಪತ್ತಮೂರು ಇಮ್ಮಡಿ, ಅಂದರೆ 80 ಕೋಟಿ ವರ್ಷ, ಒಂದು ಹೊತ್ತೂ ಉಪವಾಸವಿಲ್ಲದೆ ಬೇಕು. ವಿಶ್ವಕ್ಕೆ 67 ಕೋಟಿ ವರ್ಷವಾಗಿದ್ದಾಗಲೇ 160 ಕೋಟಿ ಸೂರ್ಯರಷ್ಟಿದ್ದ ಕ್ವೇಸಾರ್ ಒಂದು 2021ರಲ್ಲಿ, ವೆಬ್ ಹಾರುವ ಮೊದಲೇ, ವರದಿಯಾಗಿತ್ತು. ಮಿತಿಯನ್ನು ಮೀರಿ ಉಂಡಿರಬೇಕು, ಇಲ್ಲವೇ ಹತ್ತು ಸಾವಿರದಿಂದ ಲಕ್ಷ ಸೂರ್ಯರಷ್ಟರ ಅನಿಲದ ಮೋಡ ನಕ್ಷತ್ರಗಳಾಗಿ ಒಡೆಯದೆ ಇಡಿಯಾಗಿ ಕುಸಿದು ಭಾರದ ಬೀಜವಾಗಿರಬೇಕು. ಎರಡನೆಯದು ಸರಿಯಾದರೆ, ಕೆಲವು ಕಡೆಯಾದರೂ ಕಪ್ಪುರಂಧ್ರ ಮೊದಲು, ಗ್ಯಾಲಕ್ಸಿ ಆಮೇಲೆ.

ಆದರೆ ಆ ಹತ್ತರಿಂದ ನೂರು ಪಟ್ಟಿನ ಮೇಲೆ ಎರಡು ಆಕ್ಷೇಪಗಳಿವೆ, ಎರಡೂ ತಳ್ಳಿಹಾಕುವಂಥವಲ್ಲ. ಮೊದಲನೆಯದು ಆಯ್ಕೆಯದು. ಟಾಡ್ ಲಾವರ್ ಮತ್ತು ಸಂಗಡಿಗರು 2007ರಲ್ಲಿಯೇ ಎಚ್ಚರಿಸಿದಂತೆ, ದೂರದಲ್ಲಿ ಕಾಣುವುದು ಹೊಳೆಯುವ ಕಪ್ಪುರಂಧ್ರಗಳು ಮಾತ್ರ, ಮತ್ತು ಹೊಳೆಯುವವು ತಮ್ಮ ಗ್ಯಾಲಕ್ಸಿಗೆ ಹೋಲಿಸಿದರೆ ಭಾರವಾದವೇ ಆಗಿರುವ ಸಂಭವ ಹೆಚ್ಚು. ಹಗುರವಾದವು ಅಷ್ಟೇ ಸಂಖ್ಯೆಯಲ್ಲಿ ಕತ್ತಲಲ್ಲಿ ಕುಳಿತಿರಬಹುದು. ಎರಡನೆಯದು ತೂಕದ ಸೂತ್ರದ್ದೇ. ಈ ಕೆಂಪು ಚುಕ್ಕೆಗಳಲ್ಲಿ ಹೆಚ್ಚಿನವು ಎಕ್ಸ್‌ರೇಯಲ್ಲಿ ಕಾಣಿಸುವುದೇ ಇಲ್ಲ. ಕಪ್ಪುರಂಧ್ರ ದಟ್ಟ ಅನಿಲದ ಕವಚದೊಳಗಿದೆ ಎಂದು 2025ರ ಹಲವು ಅಧ್ಯಯನಗಳು ವಾದಿಸುತ್ತವೆ. ಹಾಗಿದ್ದರೆ ರೋಹಿತದ ಗೆರೆ ಅಗಲವಾಗಿರುವುದಕ್ಕೆ ಮೋಡಗಳ ವೇಗವೇ ಕಾರಣವಾಗಿರಬೇಕಿಲ್ಲ, ಬೆಳಕು ಆ ಕವಚದ ಎಲೆಕ್ಟ್ರಾನ್‌ಗಳಿಗೆ ಬಡಿದು ಬಡಿದು ಚೆದರಿದರೂ ಗೆರೆ ಅಗಲವಾಗುತ್ತದೆ. ಆಗ ತೂಕ ಹತ್ತರಿಂದ ನೂರು ಪಟ್ಟು ಕಡಿಮೆ. ಹೆಚ್ಚಾಗಿದ್ದದ್ದೂ ಅಷ್ಟೇ, ಇಳಿಯುವುದೂ ಅಷ್ಟೇ. ಇಡೀ ಸಮಸ್ಯೆ ಆವಿಯಾಗಿಬಿಡಬಹುದು.

ಹಾಗಾಗಿ ನನಗೆ ಸಾಲು ಸಾಲು ಪತ್ತೆಗಳಿಗಿಂತ ನೇರವಾಗಿ ತೂಗಿದ ಒಂದೆರಡು ಉದಾಹರಣೆಗಳೇ ಮುಖ್ಯವೆನಿಸುತ್ತವೆ. ಏಬೆಲ್ 2744 ಎಂಬ ಗ್ಯಾಲಕ್ಸಿ ಸಮೂಹದ ಗುರುತ್ವ ಮಸೂರವಾಗಿ ವರ್ತಿಸಿ, ಅದರ ಹಿಂದಿನ ಕ್ಯೂಎಸ್‌ಒ1 ಎಂಬ ಕೆಂಪು ಚುಕ್ಕೆಯನ್ನು ಮೂರು ಬಿಂಬಗಳಾಗಿ ಹಿಗ್ಗಿಸಿ ತೋರಿಸುತ್ತದೆ. ಅದರ ಬೆಳಕು ಹೊರಟಾಗ ವಿಶ್ವಕ್ಕೆ 75 ಕೋಟಿ ವರ್ಷ; ಕಪ್ಪತಗುಡ್ಡದ ಅತಿ ಹಳೆಯ ಶಿಲೆಗಳು ರೂಪುಗೊಳ್ಳಲು ಇನ್ನೂ ಸುಮಾರು ಸಾವಿರ ಕೋಟಿ ವರ್ಷವಿತ್ತು. ಮಸೂರದ ನೆರವಿನಿಂದ 2025ರಲ್ಲಿ ಅದರ ಸುತ್ತಣ ಅನಿಲ ಕೆಪ್ಲರನ ನಿಯಮದಂತೆ ಸುತ್ತುವುದನ್ನು ವೆಬ್ ಬಿಡಿಸಿ ಅಳೆಯಿತು. ತೂಕ ಐದು ಕೋಟಿ ಸೂರ್ಯರಷ್ಟು. ಗ್ಯಾಲಕ್ಸಿಯ ನಕ್ಷತ್ರಗಳೆಲ್ಲ ಕೂಡಿದರೂ ಅದರ ಅರ್ಧಕ್ಕೆ ಸಮನಾಗುವುದಿಲ್ಲ. ಗೆರೆಯ ಅಗಲದಿಂದ ತೆಗೆದ ಹಳೆಯ ಅಂದಾಜಿಗೂ ಇದಕ್ಕೂ ಹೊಂದಾಣಿಕೆ ಇದೆ ಎಂಬುದು ಇದರ ಇನ್ನೊಂದು ಮಹತ್ವ. ಈ ಒಂದು ಕಾಯದ ಮಟ್ಟಿಗಾದರೂ ಚೆದರಿಕೆಯ ಆಕ್ಷೇಪ ನಿಲ್ಲುವುದಿಲ್ಲ.

ಇದಕ್ಕೆ ಎದುರು ನಿಲ್ಲುವ ಇನ್ನೊಂದು ನೇರ ಅಳತೆ 2024ರಲ್ಲಿ ಬಂತು. ಚಿಲಿಯಲ್ಲಿ 8 ಮೀಟರ್ ದರ್ಜೆಯ ನಾಲ್ಕು ದೂರದರ್ಶಕಗಳ ಬೆಳಕನ್ನು ಒಂದುಗೂಡಿಸುವ ಗ್ರ್ಯಾವಿಟಿ ಉಪಕರಣ, 1,100 ಕೋಟಿ ವರ್ಷದ ಹಿಂದಿನ ಒಂದು ಕ್ವೇಸಾರ್‌ನ ಮೋಡಗಳ ತಿರುಗಾಟವನ್ನೇ ಬಿಡಿಸಿ, 32 ಕೋಟಿ ಸೂರ್ಯರಷ್ಟು ತೂಕವನ್ನು ಕಂಡುಹಿಡಿಯಿತು. ಅದರ ಗ್ಯಾಲಕ್ಸಿ ಸುಮಾರು 60 ಸಾವಿರ ಕೋಟಿ ಸೂರ್ಯರಷ್ಟಿದೆ. ಪ್ರಮಾಣ ಶೇಕಡಾ 0.05, ಭಾರವಲ್ಲ, ಇಂದಿನ ರೇಖೆಗಿಂತ ಹಗುರ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಹಿಂದಿನ ಕಾಲದಲ್ಲಿ ಕಪ್ಪುರಂಧ್ರಗಳೆಲ್ಲ ಅತಿಭಾರವಾಗಿದ್ದವು ಎನ್ನುವುದಕ್ಕಿಂತ, ಪ್ರಮಾಣಗಳು ಚೆಲ್ಲಾಪಿಲ್ಲಿಯಾಗಿದ್ದವು ಎನ್ನುವುದು ಹೆಚ್ಚು ಹೊಂದುತ್ತದೆ. ವಿಲೀನಗಳ ಸರಾಸರಿಯ ವಾದ ಬಯಸುವುದೂ ಅದನ್ನೇ. ಎರಡು ಬಿಂದುಗಳ ಮೇಲೆ ಇದಕ್ಕಿಂತ ಹೆಚ್ಚು ಹೇಳಬಾರದು.

ಬೆಳಕಿನ ಹಂಗಿಲ್ಲದೆ ತೂಗುವ ದಾರಿಯೂ ತೆರೆಯುತ್ತಿದೆ. ಧಾರವಾಡದ ಪಕ್ಕದಲ್ಲೇ ಹಾಯುವ ಹೆದ್ದಾರಿ ಹಿಡಿದು ಪುಣೆ ದಾಟಿ ನಾಸಿಕದ ಕಡೆ ಹೋದರೆ ನಾರಾಯಣಗಾಂವ್ ಬಳಿ 45 ಮೀಟರ್ ಅಗಲದ ಮೂವತ್ತು ರೇಡಿಯೋ ಬುಟ್ಟಿಗಳ ಜಿಎಂಆರ್‌ಟಿ ದೂರದರ್ಶಕವಿದೆ. ಅದರ ಮಾಹಿತಿಯನ್ನು ಬಳಸಿದ ಭಾರತ–ಜಪಾನ್ ತಂಡವೂ ಯುರೋಪಿನ ತಂಡವೂ ಕೂಡಿ, ಅಮೆರಿಕ, ಚೀನಾ, ಆಸ್ಟ್ರೇಲಿಯಾದ ತಂಡಗಳ ಜೊತೆಜೊತೆಗೆ, 2023ರ ಜೂನ್ 29ರಂದು ಗಡಿಯಾರದಂತೆ ಮಿಡಿಯುವ ನಕ್ಷತ್ರಶೇಷಗಳಾದ ಪಲ್ಸಾರ್‌ಗಳ ಮಿಡಿತದಲ್ಲಿ, ಭಾರದ ಕಾಯಗಳು ಸುತ್ತುವಾಗ ಜಾಗವನ್ನೇ ಹಿಗ್ಗಿಸಿ ಕುಗ್ಗಿಸುತ್ತ ಹರಡುವ ಗುರುತ್ವ ಅಲೆಗಳ ಹಿನ್ನೆಲೆ ಗುನುಗಿನ ಪುರಾವೆಯನ್ನು ಪ್ರಕಟಿಸಿದವು. ಗ್ಯಾಲಕ್ಸಿಗಳು ಬೆರೆತ ಮೇಲೆ ಜೋಡಿಯಾಗಿ ಸುತ್ತುವ ಬೃಹತ್ ಕಪ್ಪುರಂಧ್ರಗಳೇ ಇದರ ಮೂಲವಾಗಿದ್ದರೆ, ಅದರ ಪ್ರಬಲತೆ ನಂಟಿನ ರೇಖೆಯಿಂದ ನಿರೀಕ್ಷಿಸಿದ್ದಕ್ಕಿಂತ ಮೇಲಿನ ಅಂಚಿನಲ್ಲಿದೆ. ಅತಿದೊಡ್ಡ ಕಪ್ಪುರಂಧ್ರಗಳನ್ನು ನಾವು ಕಡಿಮೆ ತೂಗಿದ್ದೇವೋ, ಕಡಿಮೆ ಎಣಿಸಿದ್ದೇವೋ ಎಂಬ ತಕರಾರು ಈಗ ನಡೆದಿದೆ. ವೆಬ್‌ನ ತೂಕಗಳು ಹೆಚ್ಚಾಯಿತು ಎಂಬ ಆಕ್ಷೇಪದ ನಡುವೆಯೇ ಇಲ್ಲಿ ತೂಕ ಸಾಲದು ಎಂಬ ದೂರು!

ಐರೋಪ್ಯ ಬಾಹ್ಯಾಕಾಶ ಸಂಸ್ಥೆ 2024ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟ, ಗುರುತ್ವ ಅಲೆಗಳನ್ನು ಆಲಿಸುವ ಲೀಸಾ ಯೋಜನೆಯ ಮೂರು ನೌಕೆಗಳು 2035ರ ಸುಮಾರಿಗೆ ಹಾರಬೇಕು. ಹತ್ತು ಸಾವಿರದಿಂದ ಒಂದು ಕೋಟಿ ಸೂರ್ಯರಷ್ಟರ ಕಪ್ಪುರಂಧ್ರಗಳು ಬೆರೆಯುವಾಗಿನ ಅಲೆಗಳನ್ನು ಅವು ಹಿಡಿಯಬಲ್ಲವು. ಭಾರದ ಬೀಜವೋ ಹಗುರ ಬೀಜವೋ ಎಂಬುದು ತೀರ್ಮಾನವಾಗಬೇಕಾದ ತೂಕದ ವಲಯ ಇದೇ. ಬೆರೆತ ಮೇಲೆ ಕಪ್ಪುರಂಧ್ರ ತನ್ನ ತೂಕಕ್ಕೆ ತಕ್ಕ ಆವರ್ತನದಲ್ಲಿ ಕಂಪಿಸಿ ಶಾಂತವಾಗುತ್ತದೆ ಎಂಬುದನ್ನು 1970ರಲ್ಲಿ ಲೆಕ್ಕದಿಂದ ಮೊದಲು ತೋರಿಸಿದವರು, ಮುಂದೆ ಬೆಂಗಳೂರಿನ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದ ಸಿ.ವಿ. ವಿಶ್ವೇಶ್ವರ. ಆ ಕಂಪನದಿಂದ ತೂಕ ತೆಗೆಯಲು ಮೋಡಗಳ ಆಕಾರವಾಗಲಿ, ಗುಣಕವಾಗಲಿ, ಗೆರೆಯ ಅಗಲವಾಗಲಿ ಬೇಕಿಲ್ಲ. ಆದರೆ ಲೀಸಾ ಗ್ಯಾಲಕ್ಸಿಯನ್ನು ತೂಗುವುದಿಲ್ಲ. ಅಲೆ ಬಂದ ದಿಕ್ಕಿನಲ್ಲಿ ಆ ಗ್ಯಾಲಕ್ಸಿಯನ್ನು ಗುರುತಿಸಿ, ಅದರ ನಕ್ಷತ್ರಗಳ ರಾಶಿಯನ್ನು ಲೆಕ್ಕ ಹಾಕುವ ಕೆಲಸ ಆಗಲೂ ದೂರದರ್ಶಕಗಳದೇ. ಬೆರೆಯುತ್ತಿರುವ ಹೊತ್ತಿನ ಧೂಳು ತುಂಬಿದ ಎಳೆಯ ಗ್ಯಾಲಕ್ಸಿಗಳಲ್ಲಿ ಆ ಲೆಕ್ಕ ಈಗಲೂ ಕಪ್ಪುರಂಧ್ರದ ತೂಕದಷ್ಟೇ ಅನಿಶ್ಚಿತ.